ಹಸಿ ಮರ ಹಸಿರಲ್ಲ: ಪೀಠೋಪಕರಣದ ಪ್ರಶ್ನೆಗಳಿಗೆ ಉತ್ತರ

ಪರಿಸರಕ್ಕೆ ಹೊರೆಯಾಗದಂತೆ ಮೇಜು, ಮಂಚ, ಕಪಾಟು ಮಾಡಿಸುವುದು ಹೇಗೆ ಎಂದು ಕೇಳಿ ಬಂದ ಪತ್ರಗಳಲ್ಲಿ ಏಳಕ್ಕೆ ಇಲ್ಲಿ ಉತ್ತರವಿದೆ. ಯಾವ ಮರ ಒಳ್ಳೆಯದು ಎಂದು ಬಹುತೇಕ ಎಲ್ಲರೂ ಕೇಳಿದ್ದಾರೆ. ಆ ಮರ ಎಷ್ಟು ಒಣಗಿರಬೇಕು ಎಂದು ಕೇಳಿದವರು ಒಬ್ಬರೂ ಇಲ್ಲ. ಐದೇ ವರ್ಷಕ್ಕೆ ಜೋಡಣೆ ಸಡಿಲವಾಗಿ ಒಲೆ ಸೇರುವ ಮೇಜಿಗೆ ಯಾವ ಹಸಿರು ಚೀಟಿ ಅಂಟಿಸಿದರೂ ಅಷ್ಟೆ.

ತೋಟದಲ್ಲಿ ಇಪ್ಪತ್ತೈದು ವರ್ಷದ ಸಿಲ್ವರ್ ಓಕ್ ಮರಗಳಿವೆ. ವ್ಯಾಪಾರಿಗಳು ಪ್ಲೈವುಡ್‌ಗೆಂದು ಕೇಳುತ್ತಿದ್ದಾರೆ. ತೇಗ ತರಿಸುವ ಬದಲು ಇದರಲ್ಲೇ ಮನೆಗೆ ಕಪಾಟು, ಮೇಜು ಮಾಡಿಸಬಹುದೇ? ‘ಹುಳ ಹಿಡಿಯುತ್ತೆ, ಸೊಟ್ಟಗಾಗುತ್ತೆ’ ಅನ್ನುತ್ತಾರೆ ಬಡಗಿ.
— ಕಾಫಿ ಬೆಳೆಗಾರರು, ಸೋಮವಾರಪೇಟೆ

ಧಾರಾಳವಾಗಿ ಮಾಡಿಸಬಹುದು. ಬಡಗಿ ಹೇಳಿದ್ದು ಎರಡೂ ನಿಜ, ಆದರೆ ಎರಡಕ್ಕೂ ಮದ್ದಿದೆ. ಮನೆಯೊಳಗಿನ ಸಾಮಾನಿಗೆ ಮಾತ್ರ ಬಳಸಿ. ಮಳೆಗೆ ಸಿಗುವ ಜಗಲಿ ಬೆಂಚಿಗೆ ಈ ಮರ ಬೇಡ.

ಸಿಲ್ವರ್ ಓಕ್ ಕಡಿಯಲು 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯಲ್ಲಿ ವಿನಾಯಿತಿ ಇದೆ. ಕೊಡಗಿನಲ್ಲಿ ಜಮೀನಿನ ಹಿಡುವಳಿ ಯಾವ ಬಗೆಯದು ಎಂಬುದರ ಮೇಲೆ ಮರದ ಹಕ್ಕೂ ಬೇರೆಬೇರೆ ಇರುವುದರಿಂದ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಒಮ್ಮೆ ವಿಚಾರಿಸಿಕೊಳ್ಳಿ.

ಮಳೆ ನಿಂತ ಮೇಲೆ, ನವೆಂಬರ್–ಡಿಸೆಂಬರಿನಲ್ಲಿ ಕಡಿಸಿ. (ಕಾಫಿ ಕೊಯ್ಲಿಗೇ ಆಳಿಲ್ಲದ ಹೊತ್ತು ಅದು, ಗೊತ್ತು. ಆದರೆ ಮೇ ತಿಂಗಳಲ್ಲಿ ಕಡಿದ ಮರ ಮಳೆಗಾಲಕ್ಕೆ ಸಿಕ್ಕಿ ಬೂಷ್ಟು ಹಿಡಿಯುತ್ತದೆ.) ಕಡಿದ ದಿನವೇ ದಿಮ್ಮಿಯ ಎರಡೂ ತುದಿಗೆ ಹಳೆ ಪೇಂಟ್ ಅಥವಾ ಕರಗಿಸಿದ ಮೇಣ ಬಳಿಯಿರಿ. ಮರ ತುದಿಯಿಂದಲೇ ಬೇಗ ಒಣಗಿ ಸೀಳುವುದು. ಎರಡು ವಾರದೊಳಗೆ ಸಾಮಿಲ್ಲಿಗೆ ಹಾಕಿ. ಒಂದು ಇಂಚಿನ ಹಲಗೆ ಬೇಕಿದ್ದರೆ ಒಂದೂಕಾಲು ಇಂಚಿಗೆ ಕೊಯ್ಸಿ. ನಡುವಿನ ಬೆಂಡಿನ ಸುತ್ತ ಎರಡು ಇಂಚು ಭಾಗ ಸೀಳುವುದು ಖಂಡಿತ, ಅದು ಸೌದೆಗೆ ಹೋಗಲಿ. ಈ ಮರದ ಹುಡಿ ಕೆಲವರಿಗೆ ಮೈ ತುರಿಕೆ, ಬೊಬ್ಬೆ ತರುತ್ತದೆ. ಕೊಯ್ಯುವವರಿಗೆ ತುಂಬು ತೋಳಿನ ಅಂಗಿ, ಮುಖಕ್ಕೆ ಮಾಸ್ಕ್ ಇರಲಿ.

ಹುಳಕ್ಕೆ ಮದ್ದು ಹಲಗೆ ಹಸಿಯಿದ್ದಾಗಲೇ ಆಗಬೇಕು. ಒಣಗಿದ ಮೇಲೆ ಬೋರಾನ್ (ಬಿಳಿಗಾರದಲ್ಲಿರುವ ಅಂಶ) ಒಳಗಿಳಿಯುವುದಿಲ್ಲ. 100 ಲೀಟರ್ ಬಿಸಿನೀರಿಗೆ 12 ಕಿಲೋ ಬೋರಾಕ್ಸ್ (ಬಿಳಿಗಾರ), 8 ಕಿಲೋ ಬೋರಿಕ್ ಆಸಿಡ್ ಹಾಕಿ ಪೂರ್ತಿ ಕರಗಿಸಿ, ಹಲಗೆಗಳನ್ನು ಕೆಲವು ನಿಮಿಷ ಮುಳುಗಿಸಿ ತೆಗೆಯಿರಿ. ನಂತರ ಸಂದಿಯಿಲ್ಲದಂತೆ ಒಂದರ ಮೇಲೊಂದು ಪೇರಿಸಿ, ಪ್ಲಾಸ್ಟಿಕ್ ಹೊದಿಸಿ ನಾಲ್ಕು ವಾರ ಬಿಡಿ. ಮರದೊಳಗಿನ ತೇವವೇ ಮದ್ದನ್ನು ಒಳಕ್ಕೆಳೆಯುತ್ತದೆ. ಕೈಗೆ ಗ್ಲೌಸ್ ಇರಲಿ, ತೊಟ್ಟಿಯ ಹತ್ತಿರ ದನಕರು ಸುಳಿಯದಿರಲಿ. ಮಿಕ್ಕ ದ್ರಾವಣವನ್ನು ಕಾಫಿ ಗಿಡದ ಬುಡಕ್ಕೆ ಚೆಲ್ಲಬೇಡಿ. ಚಿಟಿಕೆಯಷ್ಟಿದ್ದರೆ ಗೊಬ್ಬರವಾಗುವ ಬೋರಾನ್ ಹೆಚ್ಚಾದರೆ ಗಿಡ ಸುಡುತ್ತದೆ.

ಆಮೇಲೆ ಒಣಗಿಸುವುದು. ಗಾಳಿಯಾಡುವ ಷೆಡ್ಡಿನಲ್ಲಿ, ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ ಪೇರಿಸಿ. ಪದರಗಳ ನಡುವೆ ಒಂದಿಂಚಿನ ರೀಪುಗಳನ್ನು ಒಂದೂವರೆ ಅಡಿಗೊಂದರಂತೆ ಇಡಿ. ರೀಪುಗಳು ಬುಡದಿಂದ ಮೇಲಿನವರೆಗೆ ಒಂದೇ ಗೆರೆಯಲ್ಲಿರಬೇಕು. ಒಂದು ಆಚೀಚೆಯಾದರೂ ಹಲಗೆ ಅಲ್ಲೇ ಬಾಗುತ್ತದೆ, ಬಡಗಿ ‘ಸೊಟ್ಟಗಾಗುತ್ತೆ’ ಎಂದದ್ದರಲ್ಲಿ ಅರ್ಧ ಇದೇ. ಮೇಲೆ ಜಲ್ಲಿ ಚೀಲದ ಭಾರ ಹೇರಿ. ಫೆಬ್ರುವರಿಯಿಂದ ಮೇವರೆಗೆ ಬಿಟ್ಟು, ಮಳೆಗೆ ಮುಂಚೆ ಮನೆಯೊಳಗೆ ತನ್ನಿ.

ಒಣಗಿತೇ ಎಂದು ತಿಳಿಯಲು ಮೀಟರೇ ಬೇಕೆಂದಿಲ್ಲ. ಹಲಗೆಯ ತುದಿಯಿಂದ ಒಂದೂವರೆ ಅಡಿ ಒಳಗೆ ಒಂದಿಂಚಿನ ಅಡ್ಡ ಹೋಳು ಕೊಯ್ದು ತೂಗಿ. ಓವನ್ನಿನಲ್ಲಿ 103 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾಯಿಸಿ, ತೂಕ ಇಳಿಯುವುದು ನಿಂತ ಮೇಲೆ ಮತ್ತೆ ತೂಗಿ. ಮೊದಲು 62 ಗ್ರಾಂ ಇದ್ದು ಈಗ 54 ಆಗಿದ್ದರೆ, ಹೋದ 8ನ್ನು 54ರಿಂದ ಭಾಗಿಸಿ: ಸುಮಾರು ಶೇ 15 ತೇವ. ನಿಮ್ಮೂರಿನ ಮನೆಗೆ ಶೇ 12–14ಕ್ಕೆ ಇಳಿದ ಮೇಲೆ ಬಡಗಿಯನ್ನು ಕರೆಯಿರಿ.

ವರ್ಷದ ಹಿಂದೆ ಕೊಂಡ ಬಿದಿರಿನ ಮಂಚದ ಕೆಳಗೆ ದಿನಾ ಹಳದಿ ಹುಡಿ ಬೀಳುತ್ತದೆ. ಸೀಮೆಎಣ್ಣೆ ಬಳಿದೆ, ವಾರ್ನಿಶ್ ಹೊಡೆಸಿದೆ, ನಿಲ್ಲಲಿಲ್ಲ.
— ಗೃಹಿಣಿ, ಶಿರಸಿ

ಅದು ಕುಟ್ಟೆ ಹುಳು. ಬಿದಿರಿನೊಳಗಿನ ಪಿಷ್ಟ ಅದರ ಆಹಾರ. ಮೂರು ವರ್ಷ ತುಂಬದ ಬಿದಿರನ್ನೋ ಮಳೆಗಾಲದಲ್ಲಿ ಕಡಿದದ್ದನ್ನೋ ಬಳಸಿದರೆ ಹೀಗಾಗುತ್ತದೆ. ಬಿದಿರಿನ ಹೊರಸಿಪ್ಪೆ ಗಾಜಿನಂತೆ ಬಿಗಿ, ಮೇಲೆ ಏನು ಬಳಿದರೂ ಒಳಗಿಳಿಯದು. ನಿಮ್ಮ ವಾರ್ನಿಶ್ ಹುಳುವಿಗೆ ಸೂರು ಕಟ್ಟಿಕೊಟ್ಟಂತಾಯಿತು.

ಮೊದಲು ಪ್ರತಿ ಗಳವನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿ. ಕುಸಿದರೆ ಆ ಗಳ ಬದಲಾಯಿಸಲೇಬೇಕು. ಗಟ್ಟಿಯಿದ್ದರೆ ಪ್ರತಿ ಎರಡು ಗೆಣ್ಣಿನ ನಡುವೆ, ಕಾಣದ ಕಡೆ, 3 ಮಿ.ಮೀ. ತೂತು ಕೊರೆಯಿರಿ. ಲೀಟರ್ ಬಿಸಿನೀರಿಗೆ 60 ಗ್ರಾಂ ಬೋರಾಕ್ಸ್, 40 ಗ್ರಾಂ ಬೋರಿಕ್ ಆಸಿಡ್ ಕರಗಿಸಿ, ಸಿರಿಂಜಿನಲ್ಲಿ ಈ ತೂತಿಗೂ ಹುಳು ಹೊರಬಂದ ತೂತುಗಳಿಗೂ ತುಂಬಿ. ಒಂದು ಕಡೆ ತುಂಬಿ ಮಂಚ ಹೊರಳಿಸಿ, ದ್ರಾವಣ ಒಳಗೋಡೆಗೆಲ್ಲ ತಾಗಲಿ. ವಾರ ಬಿಟ್ಟು ಇನ್ನೊಮ್ಮೆ. ಒಣಗಿದ ಮೇಲೆ ಜೇನುಮೇಣದಿಂದ ತೂತು ಮುಚ್ಚಿ. ಅದೇ ತೂತಿನಿಂದ ಮತ್ತೆ ಹುಡಿ ಬಂದರೆ ಒಳಗೆ ಹುಳು ಇನ್ನೂ ಇದೆ ಎಂದೇ ಲೆಕ್ಕ. ಮಂಚದ ಕಾಲು ಸಿಮೆಂಟು ನೆಲಕ್ಕೆ ನೇರ ತಾಗದಂತೆ ರಬ್ಬರ್ ಬುಷ್ ಹಾಕಿ. ಕೊಯ್ದ ತುದಿ ನೆಲದ ತೇವ ಹೀರುತ್ತದೆ.

ಮುಂದೆ ಮೇದಾರರಿಂದ ಮಾಡಿಸುವುದಾದರೆ ಗಳ ನೀವೇ ನೋಡಿ ಆರಿಸಿ. ಎಳೆಯ ಬಿದಿರಿಗೆ ಬಿಳಿ ಧೂಳು, ಗೆಣ್ಣಿನಲ್ಲಿ ಹಾಳೆ ಇರುತ್ತದೆ. ಮೂರು ನಾಲ್ಕು ವರ್ಷದ್ದು ಮಾಸಿ, ಮೈಮೇಲೆ ಬೂದು ಮಚ್ಚೆಗಳಿರುತ್ತವೆ, ತಟ್ಟಿದರೆ ಗಣಗಣ ಎನ್ನುತ್ತದೆ. ಉದ್ದದ ಕಬ್ಬಿಣದ ಸಲಾಕೆಯಿಂದ ಒಳಗಿನ ಗೆಣ್ಣುಗಳ ತಡೆ ಒಡೆದು, 100 ಲೀಟರಿಗೆ 3 ಕಿಲೋ ಬೋರಾಕ್ಸ್, 2 ಕಿಲೋ ಬೋರಿಕ್ ಆಸಿಡ್ ಬೆರೆಸಿದ ತೊಟ್ಟಿಯಲ್ಲಿ ಒಂದು ವಾರ ಮುಳುಗಿಸಿ. ಗಾಳಿ ಉಳಿದರೆ ಗಳ ತೇಲುತ್ತದೆ, ಕಲ್ಲು ಹೇರಿ. ಬಳಿಕ ನೆರಳಲ್ಲಿ ನಿಲ್ಲಿಸಿ ಒಣಗಿಸಿ. ಬಿಸಿಲಿಗಿಟ್ಟರೆ ಸೀಳುತ್ತದೆ. ಮೊಳೆ ಹೊಡೆಯಬಾರದು, ಮೊದಲು ಕೊರೆದು ಬೋಲ್ಟ್ ಅಥವಾ ಬಿದಿರಿನ ಗೂಟ ಹಾಕಬೇಕು.

ಅಜ್ಜನ ಕಾಲದ ಮನೆ ಕೆಡವಿದಾಗ ತೇಗದ ತೊಲೆ, ಜಂತೆ, ಬಣ್ಣ ಬಳಿದ ಬಾಗಿಲುಗಳು ಸಿಕ್ಕಿವೆ. ಇದರಲ್ಲಿ ಆರು ಜನರ ಊಟದ ಮೇಜು ಆಗುತ್ತದೆಯೇ? ಎಷ್ಟು ಮರ ಬೇಕು?
— ನಿವೃತ್ತ ಶಿಕ್ಷಕರು, ತೀರ್ಥಹಳ್ಳಿ

ಐದು ಅಡಿ ಉದ್ದ, ಮೂರು ಅಡಿ ಅಗಲ, 30 ಇಂಚು ಎತ್ತರದ ಮೇಜಿಗೆ ಎರಡೂ ಮುಕ್ಕಾಲು ಘನ ಅಡಿ ಮರ ಸಾಕು. ಆದರೆ ಹಳೇ ನಾಟಾದಲ್ಲಿ ಮೊಳೆ ತೂತು, ಕೊಳೆತ ತುದಿ, ಗೆದ್ದಲು ತಿಂದ ಜಾಗ ಕಳೆಯಬೇಕಲ್ಲ, ನಾಲ್ಕು ಘನ ಅಡಿ ಆರಿಸಿಟ್ಟುಕೊಳ್ಳಿ. ಸ್ಕ್ರೂಡ್ರೈವರಿನಿಂದ ಚುಚ್ಚುತ್ತ ಹೋದರೆ ಟೊಳ್ಳು ಎಲ್ಲಿದೆ ಎಂದು ಗೊತ್ತಾಗುತ್ತದೆ.

ಮೊಳೆ ಕೀಳುವುದೇ ಇಲ್ಲಿ ದೊಡ್ಡ ಕೆಲಸ. ಹಳೆ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ ಹಲಗೆಯ ಮೇಲೆ ನಿಧಾನವಾಗಿ ಸಾಗಿಸಿ. ತಲೆ ಮುರಿದು ಒಳಗೇ ಉಳಿದ ಮೊಳೆಯ ಮೇಲೆ ಬಂದಾಗ ಅದು ಎಳೆದುಕೊಳ್ಳುತ್ತದೆ. ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಒಂದು ಮೊಳೆ ಬಿಟ್ಟುಹೋದರೂ ಯಂತ್ರದ ಬ್ಲೇಡ್ ಹಲ್ಲು ಹಾರುತ್ತದೆ. ಹಳೆ ಮರವನ್ನು ಸಾಮಿಲ್ಲಿನವರು ಮುಟ್ಟಲೊಪ್ಪದಿರುವುದು ಇದಕ್ಕೇ.

ಬಾಗಿಲಿನ ಬಣ್ಣದ ಬಗ್ಗೆ ಎಚ್ಚರ. ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಇದೆಯೆಂದೇ ತಿಳಿಯಿರಿ. ಒಣಗಿದ್ದಾಗ ಮರಳುಕಾಗದ ಉಜ್ಜಬಾರದು, ಬ್ಲೋಲ್ಯಾಂಪಿನಿಂದ ಸುಡಬಾರದು. ಕೆಳಗೆ ಪ್ಲಾಸ್ಟಿಕ್ ಹಾಸಿ, ನೀರು ಚಿಮುಕಿಸುತ್ತ ಹೆರೆದು, ಹೆರೆದದ್ದನ್ನು ಕಟ್ಟಿ ಬೇರೆಯಿಡಿ. ಮಕ್ಕಳು ಆ ಕಡೆ ಬೇಡ.

ಮರ ನೂರು ವರ್ಷ ಒಣಗಿದ್ದರೂ ಹಿಗ್ಗಿ ಕುಗ್ಗುವುದನ್ನು ಬಿಡುವುದಿಲ್ಲ. ಮೂರಡಿ ಅಗಲದ ತೇಗದ ಮೇಲ್ಮೈ ಬೇಸಿಗೆಗೂ ಮಳೆಗಾಲಕ್ಕೂ 4ರಿಂದ 7 ಮಿ.ಮೀ. ಆಚೀಚೆ ಆಗುತ್ತದೆ. ಕಾಲಿನ ಚೌಕಟ್ಟಿಗೆ ಬಿಗಿಯಾಗಿ ಸ್ಕ್ರೂ ಹಾಕಿ ಅಂಟಿಸಿದರೆ ನಡುವೆ ಸೀಳು ಬೀಳುವುದು ಖಚಿತ. ಸ್ಕ್ರೂ ತೂತನ್ನು ಅಗಲದ ದಿಕ್ಕಿಗೆ ಉದ್ದುದ್ದ ಮಾಡಿಸಿ, ಕೆಳಗೆ ವಾಷರ್ ಹಾಕಿಸಿ. ಹಲಗೆಗಳನ್ನು ಅಂಟಿಸುವ ಅಂಚಿಗೆ ಅದೇ ದಿನ ತೋಪಡ ಹೊಡೆದಿರಬೇಕು. ಹಳೆ ತೇಗದ ಮೇಲ್ಪದರದಲ್ಲಿ ಎಣ್ಣೆ, ಹೊಗೆ, ಮೇಣ ಕೂತಿರುವುದರಿಂದ ಅಂಟು ಹಿಡಿಯುವುದಿಲ್ಲ.

ಅಂಗಡಿಯವರು ‘ಇ-ಜೀರೋ ಪ್ಲೈವುಡ್, ಪೂರ್ತಿ ಇಕೋ’ ಎಂದು ಜಾಸ್ತಿ ದರ ಹೇಳುತ್ತಾರೆ. ನಂಬಬಹುದೇ?
— ಮೈಸೂರಿನ ಓದುಗರು

ಇ-ಒನ್, ಇ-ಜೀರೋ ಎಂಬುದು ಅಂಟಿನಿಂದ ಹೊರಬರುವ ಫಾರ್ಮಾಲ್ಡಿಹೈಡ್ ಅನಿಲ ಎಷ್ಟೆಂಬುದರ ದರ್ಜೆ ಮಾತ್ರ. ಇ-ಜೀರೋ ಎಂದರೆ ಸೊನ್ನೆ ಅಲ್ಲ, ಕಡಿಮೆ ಅಷ್ಟೆ. ಮರ ಎಲ್ಲಿಂದ ಬಂತೆಂದು ಅದು ಹೇಳುವುದಿಲ್ಲ. ಅದಕ್ಕೆ ಎಫ್‌ಎಸ್‌ಸಿ (ಕಾಡನ್ನು ಜವಾಬ್ದಾರಿಯಿಂದ ನಿರ್ವಹಿಸಿ ತಂದ ಮರಕ್ಕೆ ಕೊಡುವ ಅಂತರರಾಷ್ಟ್ರೀಯ ಗುರುತು) ಪ್ರಮಾಣಪತ್ರದ ಸಂಖ್ಯೆ ಬಿಲ್ಲಿನಲ್ಲಿ ನಮೂದಾಗಬೇಕು. ಎಲೆಯ ಚಿತ್ರ ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಮಾಮೂಲಿ ಎಂಆರ್ (ತೇವ ತಾಳುವ) ದರ್ಜೆಯಲ್ಲಿ ಯೂರಿಯಾ ಅಂಟು, ಭಾರತೀಯ ಮಾನಕ ಐಎಸ್ 710ರ ಮರೈನ್ ದರ್ಜೆಯಲ್ಲಿ ಫಿನಾಲ್ ಅಂಟು. ಕಣ್ಣುರಿಸುವ ವಾಸನೆ ಯೂರಿಯಾದ್ದೇ ಹೆಚ್ಚು, ಸೆಕೆ ಮತ್ತು ತೇವಕ್ಕೆ ಇನ್ನೂ ಏರುತ್ತದೆ. ಯಾವುದೇ ಕೊಂಡರೂ ಗೋಡೆ ಕಡೆಯ ಬೆನ್ನು, ಕೊಯ್ದ ಅಂಚು, ಹಿಂಜ್ ಕೂರುವ ಕುಳಿ ಎಲ್ಲವನ್ನೂ ಮುಚ್ಚಿಸಿ. ಬಡಗಿಗಳು ಕಾಣುವ ಅಂಚಿಗಷ್ಟೇ ಪಟ್ಟಿ ಅಂಟಿಸಿ ಕೈತೊಳೆದುಕೊಳ್ಳುತ್ತಾರೆ.

ಬಾಡಿಗೆ ಮನೆ, ಎರಡು ವರ್ಷಕ್ಕೊಮ್ಮೆ ಸಾಗಣೆ. ಕಳಚಿ ಜೋಡಿಸಿದಂತೆಲ್ಲ ಮಂಚ ಅಲುಗಾಡತೊಡಗಿದೆ. ಬಿಚ್ಚಲು ಬರುವ ಗಟ್ಟಿ ಮಂಚ ಹೇಗೆ ಮಾಡಿಸುವುದು?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಈಗಿನದ್ದು ಪಾರ್ಟಿಕಲ್ ಬೋರ್ಡ್ ಇರಬೇಕು. ಒಂದೇ ತೂತಿನಲ್ಲಿ ಸ್ಕ್ರೂವನ್ನು ಎರಡು ಮೂರು ಸಲ ಬಿಚ್ಚಿ ಹಾಕಿದರೆ ಹುಡಿಯಾಗಿ ಹಿಡಿತ ತಪ್ಪುತ್ತದೆ. ಗಟ್ಟಿಮರದ ಪಟ್ಟಿಗೆ 8 ಮಿ.ಮೀ. ಬೋಲ್ಟ್ ಮತ್ತು ಬ್ಯಾರಲ್ ನಟ್ (ಬದಿಯ ತೂತಿನಲ್ಲಿ ಅಡ್ಡ ಕೂರುವ ಉರುಟು ನಟ್) ಹಾಕಿಸಿ. ಆಗ ಉಕ್ಕಿಗೆ ಉಕ್ಕೇ ಬಿಗಿಯುತ್ತದೆ, ಮರದ ಎಳೆ ಸವೆಯುವುದಿಲ್ಲ. ಮೂಲೆಗೆ ಎರಡು ಬೋಲ್ಟ್, ನಡುವೆ 10 ಮಿ.ಮೀ. ಮರದ ಗೂಟ. ಗೂಟಕ್ಕೆ ಅಂಟು ಬೇಡ, ಪಟ್ಟಿ ತಿರುಗದಂತೆ ತಡೆಯುವುದಷ್ಟೇ ಅದರ ಕೆಲಸ. ಪಕ್ಕದ ಪಟ್ಟಿ ಐದು ಇಂಚು ಅಗಲ, ಒಂದೂಕಾಲು ಇಂಚು ದಪ್ಪ ಇರಲಿ. ನಟ್ಟಿನ ತೂತು ಪಟ್ಟಿಯ ತುದಿಯಿಂದ ಎರಡು ಇಂಚು ಒಳಗಿರಬೇಕು. ಮುಕ್ಕಾಲು ಇಂಚಿನಲ್ಲಿ ಕೊರೆದರೆ ಬಿಗಿದಾಗ ತುದಿ ಸಿಡಿಯುತ್ತದೆ.

ಎಡವಟ್ಟಾಗುವುದು ಕೊರೆಯುವಾಗಲೇ. ತುದಿಯಿಂದ ಹೋಗುವ ಬೋಲ್ಟ್ ತೂತು, ಬದಿಯಿಂದ ಬರುವ ನಟ್ಟಿನ ತೂತು ಒಳಗೆ ಸಂಧಿಸದಿದ್ದರೆ ಬಡಗಿ ಸುತ್ತಿಗೆ ತೆಗೆದುಕೊಳ್ಳುತ್ತಾರೆ. ಒಂದು ಕಬ್ಬಿಣದ ಪಟ್ಟಿಯಲ್ಲಿ ಅಚ್ಚು ಮಾಡಿಕೊಂಡು ನಾಲ್ಕು ಮೂಲೆಯನ್ನೂ ಅದರಿಂದಲೇ ಗುರುತಿಸಲಿ, ಬೋಲ್ಟ್ ತೂತು 9 ಮಿ.ಮೀ. ಇರಲಿ. ಐದಡಿ ಅಗಲದ ಮಂಚಕ್ಕೆ ನಡುತೊಲೆ ಮತ್ತು ಅದಕ್ಕೊಂದು ಕಾಲು ಬೇಕೇ ಬೇಕು. ಜೋಡಣೆಯ ಒಳಮೈಯಲ್ಲಿ ಉಳಿಯಿಂದ ಒಂದು ಗೆರೆ, ಎರಡು ಗೆರೆ ಎಂದು ಕೆತ್ತಿಸಿಕೊಳ್ಳಿ. ಪೆನ್ನಿನ ಗುರುತು ಮೂರನೇ ಸಾಗಣೆಗೆ ಅಳಿಸಿರುತ್ತದೆ. ಮೊದಲ ವರ್ಷ ಮಳೆಗಾಲ, ಬೇಸಿಗೆ ಕಳೆದಾಗ ಒಂದೊಂದು ಸುತ್ತು ಬಿಗಿಯಿರಿ.

ಲಂಟಾನದ ಕುರ್ಚಿ ಬಾಳಿಕೆ ಬರುತ್ತದೆಯೇ?
— ಕೊಳ್ಳೇಗಾಲದ ಓದುಗರು

ಒಳಾಂಗಣದಲ್ಲಿ ಚೆನ್ನಾಗಿ ಬರುತ್ತದೆ. 19ನೇ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ತಂದು ಕಾಡನ್ನೇ ಆವರಿಸಿದ ಗಿಡವಿದು. ನಿಮ್ಮ ಪಕ್ಕದ ಮಲೆ ಮಹದೇಶ್ವರ ಬೆಟ್ಟದಲ್ಲೇ ಸೋಲಿಗರು ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯ ಜೊತೆಗೂಡಿ ಇದರಿಂದ ಪೀಠೋಪಕರಣ ಮಾಡಿದ್ದಾರೆ. ಕಡ್ಡಿಗಳನ್ನು ಡ್ರಮ್ಮಿನಲ್ಲಿ ಬೇಯಿಸಿ, ಸಿಪ್ಪೆ ಸುಲಿದು, ಬಿಸಿ ಆರುವ ಮೊದಲೇ ಬಗ್ಗಿಸಿ ಮೊಳೆ ಹೊಡೆಯುತ್ತಾರೆ. ಆರಿದ ಮೇಲೆ ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ. ಕೊಳ್ಳುವಾಗ ಕುರ್ಚಿಯನ್ನು ಒಂದು ಕಾಲಿನ ಮೇಲೆ ವಾಲಿಸಿ ನೋಡಿ, ಕಿರುಗುಟ್ಟಿದರೆ ಮೊಳೆ ಸಡಿಲ. ಇನ್ನೊಂದು ವಿಷಯ: ಕೊಂಬೆ ಕಡಿದ ಮಾತ್ರಕ್ಕೆ ಲಂಟಾನ ಸಾಯದು, ಬುಡದಿಂದ ಮತ್ತೆ ಚಿಗುರುತ್ತದೆ. ಕಾಡಿಗೂ ಲಾಭವಾಗಬೇಕಾದರೆ ನೆಲಮಟ್ಟದ ಕೆಳಗೆ ಬೇರಿನ ತಲೆ ಕತ್ತರಿಸಬೇಕು.

ಪಾಲಿಶ್ ಬದಲು ಅಗಸೆ ಎಣ್ಣೆ ಹಚ್ಚಿದೆ. ತಿಂಗಳಾದರೂ ಅಂಟಂಟು.
— ಧಾರವಾಡದ ಓದುಗರು

ಹೆಚ್ಚು ಹಚ್ಚಿದ್ದೀರಿ. ಟರ್ಪೆಂಟೈನ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ತೆಗೆಯಿರಿ. ಮತ್ತೆ ಹಚ್ಚುವಾಗ ತೆಳ್ಳಗೆ ಸವರಿ, ಕಾಲು ಗಂಟೆ ಬಿಟ್ಟು, ಮೇಲೆ ಉಳಿದದ್ದನ್ನು ಪೂರ್ತಿ ಒರೆಸಿ. ಆ ಕೈ ಒಣಗಿದ ಮೇಲೆ ಇನ್ನೊಂದು, ಒಟ್ಟು ಮೂರು ಕೈ. ಹಸಿ ಅಗಸೆ ಎಣ್ಣೆ ಒಣಗಲು ದಿನಗಟ್ಟಲೆ ಬೇಕು. ‘ಬಾಯ್ಲ್ಡ್’ ಎಂದು ಮಾರುವುದು ಬೇಗ ಒಣಗುತ್ತದೆ, ಆದರೆ ಅದರಲ್ಲಿ ಲೋಹದ ಲವಣಗಳಿರುವುದರಿಂದ ರೊಟ್ಟಿ ತಟ್ಟುವ ಹಲಗೆಗೆ ಬೇಡ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಕಾವು ಹುಟ್ಟಿ ತಾನಾಗೇ ಬೆಂಕಿ ಹತ್ತುತ್ತದೆ. ನೀರಲ್ಲಿ ಅದ್ದಿ, ಹೊರಗೆ ಒಂಟಿ ಪದರವಾಗಿ ಹರವಿ.