ತಾಲಿಮೆರೆನ್ ಆವೊ ಲೇಖನ ಸಿಕ್ಕಿತು, ಆದ್ರೆ ಹೀಗೇ ಹಾಕ್ಲಿಕ್ಕೆ ಆಗುದಿಲ್ಲ

ನಮಸ್ಕಾರ. ನೀವು ಸುರತ್ಕಲ್‌ನಿಂದ ಕಳಿಸಿದ ಲೇಖನ ಪೂರ್ತಿ ಓದಿದೆ. ಬೇಜಾರು ಮಾಡ್ಬೇಡಿ, ನೇರ ಹೇಳ್ತೇನೆ. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ಸ್ ಫುಟ್ಬಾಲ್ ಕ್ಯಾಪ್ಟನ್ ಒಬ್ಬ ನಾಗಾ ಹುಡುಗ, ಆಮೇಲೆ ಡಾಕ್ಟರ್, ವಿಷಯ ಫಸ್ಟ್ ಕ್ಲಾಸ್. ಬರಹ ಮಾತ್ರ ಸನ್ಮಾನ ಪತ್ರದ ಹಾಗೆ ಉಂಟು. "ಬಹುಮುಖ ಪ್ರತಿಭೆ", "ಅಪ್ರತಿಮ ಸಾಧಕ", "ನಿಸ್ವಾರ್ಥ ಸೇವೆ", ಇನ್ನು ಶಾಲು ಹಾರ ಹಣ್ಣಿನ ಬುಟ್ಟಿ ಒಂದೇ ಬಾಕಿ ಮಾರಾಯ್ರೆ.

ದೊಡ್ಡ ತಪ್ಪು ಎಲ್ಲಿ ಅಂದ್ರೆ, 1948ರಲ್ಲಿ "ಡಾ. ಆವೊ ತಂಡವನ್ನು ಮುನ್ನಡೆಸಿದರು" ಅಂತ ಬರ್ದಿದ್ದೀರಿ. ಅವರಿಗೆ ಎಂಬಿಬಿಎಸ್ ಆದದ್ದೇ 1950ರಲ್ಲಿ! ಲಂಡನ್ ಒಲಿಂಪಿಕ್ಸ್‌ಗೆ ಭಾರತದ ಬಾವುಟ ಹಿಡ್ಕೊಂಡು ಹೋದವರು ಕಲ್ಕತ್ತಾದ ಕಾರ್ಮೈಕಲ್ ಮೆಡಿಕಲ್ ಕಾಲೇಜಿನ ಸ್ಟೂಡೆಂಟ್, ಅಲ್ಲಿನ ಮೋಹನ್ ಬಗಾನ್ ಫುಟ್ಬಾಲ್ ಕ್ಲಬ್ಬಿಗೂ ಆಡ್ತಿದ್ರು, ಮಗ ಡಾಕ್ಟರ್ ಆಗ್ಬೇಕು ಅಂತ ಅಪ್ಪನ ಆಸೆ, ಆ ಅಪ್ಪ ಬೇಗ ತೀರಿಕೊಂಡಿದ್ರು. ಇಷ್ಟು ನಿಮ್ಮ ಲೇಖನದಲ್ಲೇ ಉಂಟು, ಆದ್ರೆ ಆಟ ಒಂದು ಪ್ಯಾರಾ, ಓದು ಒಂದು, ಸೇವೆ ಒಂದು ಅಂತ ಬೇರೆ ಬೇರೆ ಕೂತಿದೆ. ಇಂಗ್ಲೆಂಡಿನ ಆರ್ಸೆನಲ್ ಕ್ಲಬ್ ಕರೆದರೂ ಹೋಗ್ಲಿಲ್ಲ ಅಂತ ಹೇಳ್ತಾರಲ್ಲ (ದಯವಿಟ್ಟು "ಹೇಳ್ತಾರೆ" ಅಂತಲೇ ಬರೀರಿ, ಮ್ಯಾನೇಜರ್ ಜೊತೆ ನೀವು ಹೊಸೆದ ಆ ಡೈಲಾಗ್ ಪೂರ್ತಿ ತೆಗೀರಿ), ಅದಕ್ಕೆ ನೀವು ಕೊಟ್ಟ ಕಾರಣ "ದೇಶಪ್ರೇಮ". ಕಲ್ಕತ್ತಾದಲ್ಲಿ ಎಂಬಿಬಿಎಸ್ ಕೋರ್ಸ್ ಅರ್ಧದಲ್ಲಿ ನಿಂತಿತ್ತಲ್ವಾ? ಟೆಂತ್ ಆದ ಕೂಡ್ಲೆ ನೀಟ್ ಕೋಚಿಂಗ್ ಅಂತ ಮಕ್ಕಳ ಆಟ ಬಿಡಿಸುವ ನಮ್ಮ ಮಂಗಳೂರಿನ ಅಪ್ಪ ಅಮ್ಮಂದಿರು ಇದನ್ನು ಕಣ್ಣರಳಿಸಿ ಓದ್ತಾರೆ, ನಿಮ್ಮ ವಿಶೇಷಣಗಳನ್ನಲ್ಲ.

ಮ್ಯಾಚನ್ನು "ವೀರೋಚಿತ ಸೋಲು" ಅಂತ ಒಂದೇ ಲೈನಲ್ಲಿ ಮುಗಿಸಿದ್ದು ಯಾಕೆ? ಜುಲೈ 31, ಎದುರು ಫ್ರಾನ್ಸ್, ನಮ್ಮವರಲ್ಲಿ ಹೆಚ್ಚಿನವರು ಬರಿಗಾಲು, ನಮಗೆ ಎರಡು ಪೆನಾಲ್ಟಿ ಸಿಕ್ಕಿತು, ಒಂದು ಶೈಲೇನ್ ಮನ್ನಾ ಕಳೆದ್ರು ಇನ್ನೊಂದು ಮಹಾಬೀರ್ ಪ್ರಸಾದ್, 70ನೇ ನಿಮಿಷಕ್ಕೆ ಸಾರಂಗಪಾಣಿ ರಾಮನ್ ಗೋಲು ಹೊಡೆದು ಸಮ ಮಾಡಿದ್ರು, ಇನ್ನೇನು ಮುಗೀತು ಅನ್ನುವಾಗ ಫ್ರಾನ್ಸ್ ಇನ್ನೊಂದು ಹೊಡೆದು 2-1. ಮಳೆಗಾಲದ ಕೆಸರಲ್ಲಿ ನೆಹರು ಮೈದಾನದಲ್ಲಿ ಬರಿಗಾಲಲ್ಲಿ ಆಡಿದವರು ನಮ್ಮ ಓದುಗರಲ್ಲಿ ಇದ್ದಾರೆ, ಸ್ಟಡ್ ಹಾಕಿದವ ಬೆರಳು ಮೆಟ್ಟಿದ್ರೆ ಎಂತ ಆಗ್ತದೆ ಅಂತ ಅವರಿಗೆ ಗೊತ್ತುಂಟು. ಇಲ್ಲಿ ನಿಲ್ಲಿ, ಬರೀರಿ.

ಸೇವೆಯದ್ದೂ ಹಾಗೇ. ಕೊಹಿಮಾದ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ರು, 1963ರಲ್ಲಿ ನಾಗಾಲ್ಯಾಂಡ್ ರಾಜ್ಯ ಆದಾಗ ಆರೋಗ್ಯ ಇಲಾಖೆಯ ಡೈರೆಕ್ಟರ್ ಆದ್ರು, 1978ರಲ್ಲಿ ರಿಟೈರ್. ಹೊಸದಾಗಿ ಹುಟ್ಟಿದ ಗುಡ್ಡಗಾಡು ರಾಜ್ಯದಲ್ಲಿ ಆ ಕುರ್ಚಿ ಅಂದ್ರೆ ಏನು ಕೆಲಸ, ಒಂದು ಊರಿಗೆ ಡಾಕ್ಟರ್ ಮುಟ್ಟಬೇಕಾದ್ರೆ ಏನೆಲ್ಲ ಆಗ್ಬೇಕು, ಹುಡುಕಿ.

ಕೊನೆಯ "ಯುವಜನತೆಗೆ ಸ್ಫೂರ್ತಿ" ಪ್ಯಾರಾ ನಾನೇ ಹೊಡೆದು ಹಾಕಿದ್ದೇನೆ, ಮತ್ತೆ ಸೇರಿಸ್ಬೇಡಿ. ಲಂಡನ್ನಿಂದ ಶುರು ಮಾಡಿ, ಉದ್ದ ಅರ್ಧಕ್ಕೆ ಇಳಿಸಿ. ಮತ್ತೆ ವಾಟ್ಸಾಪಲ್ಲಿ ತುಂಡು ತುಂಡು ಕಳಿಸುದು ಬೇಡ, ಯುನಿಕೋಡಲ್ಲಿ ಟೈಪ್ ಮಾಡಿ ಒಂದೇ ಫೈಲ್ ಮೇಲ್ ಮಾಡಿ, ಈ ತಿಂಗಳ ಒಳಗೆ ಬಂದ್ರೆ ಮುಂದಿನ ಸಂಚಿಕೆಗೆ ಜಾಗ ಇಟ್ಟಿರ್ತೇನೆ.