ಗ್ರೀಕರಿಗೆ ಭೂಮಿ ಸುತ್ತುವುದು ಯಾಕೆ ಹೊಳೆಯಲಿಲ್ಲ?

ಪ್ರಶ್ನೆ: ಭೂಮಿ ನಡುವೆ ಇದೆ, ಸೂರ್ಯ ಅದರ ಸುತ್ತ ತಿರುಗುತ್ತಾನೆ ಅಂತ ಗ್ರೀಕರು ನಂಬಿದ್ದರಂತೆ. ಅಷ್ಟು ಬುದ್ಧಿವಂತರು ಹೀಗೆ ತಪ್ಪಿದ್ದು ಹೇಗೆ ಅಂತ ಒಂಬತ್ತನೇ ಕ್ಲಾಸಿನ ನನ್ನ ಮಗಳು ಕೇಳುತ್ತಾಳೆ. ಒಬ್ಬರಿಗೂ ಅನುಮಾನ ಬರಲಿಲ್ಲವೇ?

ಉತ್ತರ: ಬಂದಿತ್ತು. ಸಾಮೋಸ್ ದ್ವೀಪದ ಅರಿಸ್ಟಾರ್ಕಸ್ ಕ್ರಿ.ಪೂ. 3ನೇ ಶತಮಾನದಲ್ಲೇ, ಸೂರ್ಯ ನಿಂತಲ್ಲೇ ಇದ್ದಾನೆ, ಸುತ್ತುವುದು ಭೂಮಿ ಎಂದಿದ್ದ. ಅವನ ಆ ಬರಹ ಉಳಿದಿಲ್ಲ, ಆರ್ಕಿಮಿಡೀಸ್ ಅದನ್ನು ಪ್ರಸ್ತಾಪಿಸಿದ್ದರಿಂದ ನಮಗೆ ಗೊತ್ತು. ಆದರೆ ಹೆಚ್ಚಿನವರು ಒಪ್ಪಲಿಲ್ಲ. ಸುಮ್ನೆ ಹಟಕ್ಕಲ್ಲ, ಅವರ ಹತ್ತಿರ ಗಟ್ಟಿ ಕಾರಣವಿತ್ತು.

ಮಗಳಿಗೆ ಕೈ ಚಾಚಿ ಹೆಬ್ಬೆರಳು ಎತ್ತಿ ಹಿಡಿಯಲು ಹೇಳಿ. ಒಂದು ಕಣ್ಣು ಮುಚ್ಚಿ ನೋಡಲಿ, ಆಮೇಲೆ ಇನ್ನೊಂದು. ಹಿಂದಿನ ಗೋಡೆಯ ಮೇಲೆ ಬೆರಳು ಅತ್ತಿತ್ತ ಸರಿದ ಹಾಗೆ ಕಾಣುತ್ತದೆ ಅಲ್ವಾ? ಭೂಮಿ ಸೂರ್ಯನ ಸುತ್ತ ಹೋಗುವುದಾದರೆ ಆರು ತಿಂಗಳಲ್ಲಿ ನಾವು ಆ ತುದಿಯಿಂದ ಈ ತುದಿಗೆ ಬಂದಿರುತ್ತೇವೆ, ಹಾಗಾದರೆ ನಕ್ಷತ್ರಗಳೂ ಹೀಗೇ ಸರಿದು ಕಾಣಬೇಕು. ಎಷ್ಟು ನೋಡಿದರೂ ಅವು ಸರಿಯಲಿಲ್ಲ. ನಕ್ಷತ್ರಗಳು ಊಹೆಗೂ ಸಿಗದಷ್ಟು ದೂರ ಇವೆ ಎಂಬುದು ಅರಿಸ್ಟಾರ್ಕಸನ ಉತ್ತರ. ಅವನು ಹೇಳಿದ್ದೇ ಸರಿ! ಆದರೆ ಆ ಸರಿದಾಟವನ್ನು ಅಳೆಯಲು 1838ರವರೆಗೆ ಕಾಯಬೇಕಾಯಿತು. ಜರ್ಮನಿಯ ಖಗೋಳಜ್ಞ ಬೆಸೆಲ್ ದೂರದರ್ಶಕದಲ್ಲಿ ಹಂಸ ಪುಂಜದ ಒಂದು ನಕ್ಷತ್ರ ಸರಿಯುವುದನ್ನು ಅಳೆದ. ಅದು ಎಷ್ಟು ಸಣ್ಣದೆಂದರೆ, ಎರಡೂವರೆ ಸೆಂಟಿಮೀಟರ್ ಅಗಲದ ನಾಣ್ಯವನ್ನು ಸುಮಾರು 9 ಕಿಲೋಮೀಟರ್ ದೂರದಲ್ಲಿಟ್ಟು ನೋಡಿದಷ್ಟು. ಬರಿಗಣ್ಣಿನ ಗ್ರೀಕರಿಗೆ ಅದು ಹೇಗೆ ಕಾಣಬೇಕು?

ಇನ್ನು ಕ್ರಿ.ಶ. 150ರ ಸುಮಾರಿಗೆ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದ ಖಗೋಳಜ್ಞ ಟಾಲೆಮಿ. ಮಂಗಳ ಗ್ರಹ ಸುಮಾರು 26 ತಿಂಗಳಿಗೊಮ್ಮೆ ಹಿಂದಕ್ಕೆ ನಡೆದ ಹಾಗೆ ಕಾಣುತ್ತದೆ, ಪಂಚಾಂಗದಲ್ಲಿ ವಕ್ರಗತಿ ಅನ್ನುತ್ತಾರಲ್ಲ, ಅದೇ. ಇದನ್ನು ವಿವರಿಸಲು, ಗ್ರಹ ಒಂದು ಚಿಕ್ಕ ವೃತ್ತದಲ್ಲಿ ಸುತ್ತುತ್ತದೆ, ಆ ಚಿಕ್ಕ ವೃತ್ತದ ನಡುಬಿಂದು ಭೂಮಿಯ ಸುತ್ತ ದೊಡ್ಡ ವೃತ್ತದಲ್ಲಿ ಸಾಗುತ್ತದೆ ಎಂದು ಲೆಕ್ಕ ಹಾಕಿ, ಯಾವ ಗ್ರಹ ಯಾವತ್ತು ಎಲ್ಲಿರುತ್ತದೆ ಎಂದು ಅವನು ಮುಂಚೆಯೇ ಹೇಳಬಲ್ಲವನಾಗಿದ್ದ. ಭೂಮಿಯೇ ಸೂರ್ಯನ ಸುತ್ತ ಹೋಗುತ್ತದೆ ಎನ್ನುವ ಕೋಪರ್ನಿಕಸನ ಪುಸ್ತಕ 1543ರಲ್ಲಿ ಬರುವವರೆಗೂ ಈ ಪದ್ಧತಿಯೇ ಜಾಸ್ತಿ ನಡೆಯಿತು.

ನನಗೆ ತುಂಬ ಹಿಡಿಸಿದ್ದು ಇನ್ನೊಂದು ವಿಷಯ. ಭೂಮಿಯೇ ತನ್ನ ಸುತ್ತ ತಿರುಗುತ್ತದೆ ಅಂದುಕೊಂಡರೆ ನಕ್ಷತ್ರಗಳ ಮಟ್ಟಿಗೆ ಲೆಕ್ಕ ಸುಲಭವಾಗುತ್ತದೆ ಎಂದು ಟಾಲೆಮಿಯೇ ಒಪ್ಪಿಕೊಂಡಿದ್ದಾನೆ. ಆದರೆ ಹಾಗೆ ತಿರುಗಿದರೆ ಮೋಡಗಳು, ಹಾರುವ ಹಕ್ಕಿಗಳು ಹಿಂದೆ ಉಳಿದುಬಿಡಬೇಕಲ್ಲ ಎಂಬುದು ಅವನ ತಕರಾರು. ಒಂದೇ ವೇಗದಲ್ಲಿ ಓಡುವ ಬಸ್ಸಿನಲ್ಲಿ ಕೂತು ನಾಣ್ಯ ಚಿಮ್ಮಿದರೆ ಅದು ಹಿಂದಿನ ಸೀಟಿಗೆ ಹೋಗುವುದಿಲ್ಲ, ನಮ್ಮ ಕೈಗೇ ಬೀಳುತ್ತದೆ. ಇದು ಯಾಕೆ ಹೀಗೆ ಎಂದು ಬಿಡಿಸಿ ಹೇಳಲು ಗೆಲಿಲಿಯೋ ಬರಬೇಕಾಯಿತು.