ಜಂತೆ ಎಣಿಸಲೆಂದೇ ಊಟಕ್ಕೆ ಕುಳಿತವನು

‘ಕಳೆದ ಸಂಚಿಕೆಯಲ್ಲಿ ನೀವು ವೀರನೆಂದು ಹೊಗಳಿದ, ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನ ಅಧಿಕಾರಿ ಜೋ ಪಿಸ್ಟೋನ್ ಮಾಡಿದ್ದು ಉಂಡ ಮನೆಯ ಜಂತೆ ಎಣಿಸುವ ಕೆಲಸವಲ್ಲವೇ? ಸ್ನೇಹವನ್ನೇ ಬಲೆಯಾಗಿ ಬೀಸುವುದು ಯಾವ ನ್ಯಾಯ?’
— ಓದುಗರೊಬ್ಬರು, ಶಿರಸಿ

ಮಾನ್ಯರೇ,

ಗಾದೆ ತಾಗಬೇಕಾದಲ್ಲೇ ತಾಗಿದೆ. ಆತ ಜಂತೆ ಎಣಿಸಲೆಂದೇ ಊಟಕ್ಕೆ ಕುಳಿತವನು. 1976ರಲ್ಲಿ ಡಾನಿ ಬ್ರಾಸ್ಕೋ ಎಂಬ ಒಡವೆ ಕಳ್ಳನ ವೇಷದಲ್ಲಿ ನ್ಯೂಯಾರ್ಕ್‌ನ ಬಾರ್‌ಗಳಿಗೆ ಕಾಲಿಟ್ಟಾಗ, ಕದ್ದ ಮಾಲು ಕೊಳ್ಳುವವರನ್ನು ಹಿಡಿಯುವ ಆರು ತಿಂಗಳ ಕೆಲಸವೆಂದಷ್ಟೇ ಅಂದಾಜಿತ್ತು. ಅದು ಬೊನಾನೊ ಮಾಫಿಯಾ ಕುಟುಂಬದ ಒಳಮನೆ ಹೊಕ್ಕು 1981ರ ಜುಲೈವರೆಗೆ ಬೆಳೆಯಿತು. ಹರಳು ಪರೀಕ್ಷೆ ಕಲಿತೇ ಹೋಗಿದ್ದ. ತಾನಾಗಿ ಯಾರನ್ನೂ ಏನನ್ನೂ ಕೆದಕುತ್ತಿರಲಿಲ್ಲ. ಅಲ್ಲಿ ಅವಸರಪಟ್ಟವನ ಮೇಲೆಯೇ ಮೊದಲ ಅನುಮಾನ.

ನಿಮ್ಮ ಪ್ರಶ್ನೆಯ ಬೇರು ಆ ಲೋಕದ ಪರಿಚಯದ ಪದ್ಧತಿಯಲ್ಲಿದೆ. ದೀಕ್ಷೆ ಪಡೆದ ಸದಸ್ಯನನ್ನು ‘ನಮ್ಮ ಸ್ನೇಹಿತ’ ಎನ್ನಬೇಕು, ಹೊರಗಿನವನನ್ನು ‘ನನ್ನ ಸ್ನೇಹಿತ’. ‘ನನ್ನ’ ಎಂದವನು ಪ್ರಾಣವನ್ನೇ ಜಾಮೀನಿಟ್ಟಂತೆ. ಬೊನಾನೊ ಕುಟುಂಬದ ಸದಸ್ಯ ಲೆಫ್ಟಿ ರುಜಿಯೆರೊ ಬ್ರಾಸ್ಕೋಗೆ ಹಾಗೆ ನಿಂತ. ಅವನ ಮೇಲಿನ ನಾಯಕ ಸನ್ನಿ ಬ್ಲ್ಯಾಕ್ ಈ ‘ಕಳ್ಳ’ನಿಗೆ ದೀಕ್ಷೆ ಕೊಡಿಸಲೂ ಹೊರಟಿದ್ದ. 1981ರ ಮೇ ತಿಂಗಳಲ್ಲಿ ಅದೇ ಕುಟುಂಬದ ಮೂವರು ಮುಖಂಡರು ಕೊಲೆಯಾದರು. ಮತ್ತೊಬ್ಬನನ್ನು ಮುಗಿಸುವ ಹೊಣೆ ಬ್ರಾಸ್ಕೋನ ಹೆಗಲಿಗೇ ಬಿತ್ತು. ಎಫ್‌ಬಿಐ ಅವನನ್ನು ಹೊರಗೆಳೆದು, ಸನ್ನಿಯ ಬಳಿಗೇ ಹೋಗಿ ನಿಜ ತಿಳಿಸಿತು. ಸನ್ನಿ ಓಡಲಿಲ್ಲ, ಸರ್ಕಾರದ ಸಾಕ್ಷಿಯೂ ಆಗಲಿಲ್ಲ. ಆಗಸ್ಟ್‌ನಲ್ಲಿ ಸಭೆಗೆ ಕರೆ ಬಂದಾಗ ಮೈಮೇಲಿನ ಒಡವೆ, ಮನೆಯ ಕೀಲಿಗಳನ್ನು ಬಾರಿನವನ ಕೈಗಿತ್ತು ಹೊರಟ. ಮರುವರ್ಷ ಸಿಕ್ಕ ಹೆಣಕ್ಕೆ ಕೈಗಳಿರಲಿಲ್ಲ. ಲೆಫ್ಟಿ ಉಳಿದದ್ದು, ಅಂಥದೇ ಸಭೆಗೆ ಹೊರಟಿದ್ದಾಗ ಎಫ್‌ಬಿಐ ಕೈಗೆ ಸಿಕ್ಕಿದ್ದರಿಂದ.

ಪಿಸ್ಟೋನ್‌ನ ಕೆಲಸದಿಂದ ನೂರಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. ಅವನ ತಲೆಗೆ 5 ಲಕ್ಷ ಡಾಲರ್ ಬೆಲೆ ಬಿತ್ತು.

ದ್ರೋಹವೇ? ಸನ್ನಿಯ ಕೀಲಿಗಳನ್ನು ನೆನೆದಾಗ ಹೌದೆನಿಸುತ್ತದೆ. ಆದರೆ ಆ ಮನೆಯ ಅನ್ನ ಯಾರದ್ದು? ಮೀಟರ್ ಬಡ್ಡಿಗೆ ಸಿಕ್ಕಿ ನರಳಿದ ಅಂಗಡಿಯವನದು, ಅಡ್ಡಗಟ್ಟಿ ದೋಚಿದ ಲಾರಿಗಳದು. ಅಂಥ ಮನೆಯ ಜಂತೆಯನ್ನು ಯಾರಾದರೂ ಎಣಿಸಲೇಬೇಕಿತ್ತು. ಹಾಗಾಗಿ ಅವನನ್ನು ದ್ರೋಹಿ ಎನ್ನಲಾರೆ. ಶೀರ್ಷಿಕೆಯಲ್ಲಿ ನಾವು ಹಾಕಿದ ‘ವೀರ’ ಎಂಬ ಮಾತು ಮಾತ್ರ ನಿಮ್ಮ ಪತ್ರ ಓದಿದ ಮೇಲೆ ನನಗೂ ಚುಚ್ಚುತ್ತಿದೆ. ಅದನ್ನು ಹಿಂದಕ್ಕೆ ಪಡೆಯುತ್ತೇನೆ.

ಇನ್ನೊಂದನ್ನು ನಾವು ಬರೆಯಲಿಲ್ಲ, ನೀವೂ ಕೇಳಲಿಲ್ಲ. ಅವನಿಗೆ ಹೆಂಡತಿ, ಮೂವರು ಹೆಣ್ಣುಮಕ್ಕಳಿದ್ದರು. ಆ ವರ್ಷಗಳಲ್ಲಿ ಅವನು ಸ್ವಂತ ಮನೆಯಲ್ಲಿ ಉಂಡದ್ದು ತೀರ ಅಪರೂಪ.

— ಸಂಪಾದಕ